ಗ್ರಹ ಹುಟ್ಟುವ ಜಾಗದಲ್ಲಿ ಧೂಳು ಬದಲಾಗುತ್ತಿದೆ: ಅದು ನಮಗೆ ಗೊತ್ತಾಗುವುದು ಹೇಗೆ?

2008ರ ಜನವರಿಯಲ್ಲಿ ನ್ಯೂಜಿಲೆಂಡ್‌ನ ಆಲ್ಬರ್ಟ್ ಜೋನ್ಸ್ ಖಗೋಳ ವಿಜ್ಞಾನಿಗಳಿಗೆ ಒಂದು ಸುದ್ದಿ ಮುಟ್ಟಿಸಿದರು. ಆಗ ಅವರಿಗೆ 87 ವರ್ಷ. ಬೆಳಕು ಏರಿಳಿಯುವ ನಕ್ಷತ್ರಗಳನ್ನು ಟೆಲಿಸ್ಕೋಪಿನಲ್ಲಿ ನೋಡಿ, ಇವತ್ತು ಎಷ್ಟು ಹೊಳೆಯುತ್ತಿದೆ ಎಂದು ಬರೆದಿಡುವುದು ಅವರ ಜೀವಮಾನದ ಹವ್ಯಾಸ. ಹಾಗೆ ಬರೆದಿಟ್ಟ ದಾಖಲೆಗಳೇ ಐದು ಲಕ್ಷಕ್ಕೂ ಹೆಚ್ಚು. ಈ ಸಲದ ಸುದ್ದಿ ಇಎಕ್ಸ್ ಲೂಪಿ ಎಂಬ ಎಳೆಯ ನಕ್ಷತ್ರದ ಬಗ್ಗೆ. ಅದು ಇದ್ದಕ್ಕಿದ್ದಂತೆ ಜೋರಾಗಿ ಹೊಳೆಯತೊಡಗಿತ್ತು. ಆ ಅಬ್ಬರದಲ್ಲಿ ಅದರ ಬೆಳಕು ಮಾಮೂಲಿಗಿಂತ ಸುಮಾರು ನೂರು ಪಟ್ಟು ಹೆಚ್ಚಾಯಿತು.

ಏಪ್ರಿಲ್‌ನಲ್ಲಿ ನಾಸಾದ ಸ್ಪಿಟ್ಜರ್ ಬಾಹ್ಯಾಕಾಶ ಟೆಲಿಸ್ಕೋಪ್ ಅದೇ ನಕ್ಷತ್ರವನ್ನು ನೋಡಿತು. 2005ರಲ್ಲಿ ನೋಡಿದಾಗ ಅದರ ಸುತ್ತ ಬರೀ ಧೂಳಿತ್ತು. ಈಗ ಆ ಧೂಳಿನಲ್ಲಿ ಖನಿಜದ ಹರಳುಗಳಿದ್ದವು.

ಗ್ರಹಗಳು ಹುಟ್ಟಲು ಲಕ್ಷಾಂತರ, ಕೋಟ್ಯಂತರ ವರ್ಷ ಬೇಕು ಎಂದು ನಾವೆಲ್ಲ ಓದಿದ್ದೇವೆ, ಅಲ್ವಾ? ಅದು ನಿಜವೇ. ಆದರೆ ಗ್ರಹ ಕಟ್ಟುವ ಧೂಳು ಮಾತ್ರ ತಿಂಗಳುಗಳಲ್ಲಿ, ಕೆಲವೊಮ್ಮೆ ವಾರದೊಳಗೇ ಬದಲಾಗುತ್ತದೆ. ಜೇಮ್ಸ್ ವೆಬ್ ಟೆಲಿಸ್ಕೋಪ್ ಕೆಲಸ ಶುರು ಮಾಡಿದ ಮೇಲೆ ಇಂಥ ಸುದ್ದಿಗಳು ಮೇಲಿಂದ ಮೇಲೆ ಬರುತ್ತಿವೆ. ಅವುಗಳನ್ನು ಅರ್ಥ ಮಾಡಿಕೊಳ್ಳಲು ಬೇಕಾದಷ್ಟು ಹಿನ್ನೆಲೆ ಇಲ್ಲಿದೆ.

ಧೂಳಿನ ತಟ್ಟೆ ಅಂದರೆ ಏನು?

ನಕ್ಷತ್ರ ಹುಟ್ಟುವುದು ಅನಿಲ ಮತ್ತು ಧೂಳಿನ ದೊಡ್ಡ ಮೋಡ ತನ್ನದೇ ಭಾರಕ್ಕೆ ಕುಸಿದಾಗ. ಆ ಮೋಡ ಮೊದಲೇ ನಿಧಾನವಾಗಿ ಸುತ್ತುತ್ತಿರುತ್ತದೆ. ಕುಸಿದು ಚಿಕ್ಕದಾದಂತೆ ಸುತ್ತುವ ವೇಗ ಹೆಚ್ಚುತ್ತದೆ. ಹಾಗಾಗಿ ಎಲ್ಲವೂ ನಡುವಿಗೆ ಬೀಳುವುದಿಲ್ಲ. ನಡುವೆ ನಕ್ಷತ್ರ ಕೂರುತ್ತದೆ, ಉಳಿದದ್ದು ಅದರ ಸುತ್ತ ಚಪ್ಪಟೆಯಾಗಿ ತಟ್ಟೆಯಂತೆ ಹರಡಿಕೊಂಡು ಸುತ್ತುತ್ತದೆ. ಗ್ರಹಗಳು ರೂಪುಗೊಳ್ಳುವುದು ಈ ತಟ್ಟೆಯಲ್ಲಿ. 2014ರಲ್ಲಿ ಚಿಲಿಯ ಆಲ್ಮಾ ಟೆಲಿಸ್ಕೋಪುಗಳು ಎಚ್‌ಎಲ್ ಟೌರಿ ಎಂಬ ನಕ್ಷತ್ರದ ತಟ್ಟೆಯ ಚಿತ್ರ ತೆಗೆದಾಗ, ಒಂದರೊಳಗೊಂದು ಉಂಗುರ, ನಡುನಡುವೆ ಕಪ್ಪು ಸಂದುಗಳು ಸ್ಪಷ್ಟವಾಗಿ ಕಂಡಿದ್ದವು.

ತಟ್ಟೆಯ ತೂಕದಲ್ಲಿ ಸುಮಾರು 99 ಪಾಲು ಅನಿಲ. ಧೂಳು ಬರೀ 1 ಪಾಲು. ಆದರೆ ಭೂಮಿಯಂಥ ಗ್ರಹಕ್ಕೆ ಬೇಕಾಗಿರುವುದು ಈ 1 ಪಾಲೇ. ನಮ್ಮ ಕಾಲ ಕೆಳಗಿನ ಬಂಡೆ, ಅಡುಗೆಮನೆಯ ಕಬ್ಬಿಣದ ಬಾಣಲೆ, ನಮ್ಮ ಮೂಳೆಯ ಕ್ಯಾಲ್ಸಿಯಂ ಎಲ್ಲವೂ 450 ಕೋಟಿ ವರ್ಷಗಳಿಗೂ ಹಿಂದೆ ಸೂರ್ಯನ ಸುತ್ತ ಇದ್ದ ಅಂಥದ್ದೇ ತಟ್ಟೆಯಿಂದ ಬಂದವು.

ಇಲ್ಲಿ ಧೂಳು ಅಂದರೆ ರಸ್ತೆಯ ಧೂಳಲ್ಲ. ಶುರುವಿನಲ್ಲಿ ಇದರ ಕಣಗಳು ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕಿಂತಲೂ ಚಿಕ್ಕವು. ಒಂದು ತಲೆಗೂದಲಿನ ದಪ್ಪದಲ್ಲಿ ಇಂಥ ನೂರಾರು ಕಣಗಳನ್ನು ಸಾಲಾಗಿ ಇಡಬಹುದು. ಹೆಚ್ಚಿನವು ಸಿಲಿಕೇಟ್, ಅಂದರೆ ಸಿಲಿಕಾನ್ ಮತ್ತು ಆಮ್ಲಜನಕದ ಜೊತೆ ಮೆಗ್ನೀಶಿಯಂ, ಕಬ್ಬಿಣ ಸೇರಿದ ವಸ್ತು. ಮರಳು, ಬಂಡೆ ಎಲ್ಲ ಇದೇ ಕುಟುಂಬ. ಇಂಗಾಲವೂ ಇರುತ್ತದೆ. ನಕ್ಷತ್ರದಿಂದ ದೂರ ಹೋದಂತೆ ಕಣಗಳ ಮೇಲೆ ಮಂಜುಗಡ್ಡೆಯ ಪದರ ಕೂಡುತ್ತದೆ.

ಇಷ್ಟು ಬೇಗ ಬದಲಾಗುವುದು ಯಾಕೆ?

ಉತ್ತರ ತಟ್ಟೆಯ ಒಳ ಅಂಚಿನಲ್ಲಿದೆ. ನಕ್ಷತ್ರಕ್ಕೆ ಹತ್ತಿರ ಇದ್ದಷ್ಟೂ ಸುತ್ತುವ ವೇಗ ಹೆಚ್ಚು. ನೆಪ್ಚೂನ್ ಸೂರ್ಯನನ್ನು ಸುತ್ತಲು 165 ವರ್ಷ ತೆಗೆದುಕೊಳ್ಳುತ್ತದೆ, ಬುಧನಿಗೆ 88 ದಿನ ಸಾಕು. ಭೂಮಿ ಇರುವ ದೂರದ ಹತ್ತನೇ ಒಂದು ಭಾಗದಲ್ಲಿ ಸುತ್ತುವ ಧೂಳಿಗೆ ಹನ್ನೆರಡು ದಿನ ಕೂಡ ಬೇಡ. ಹಾಗಾಗಿ ಒಳ ಅಂಚಿನಲ್ಲಿ ಏನಾದರೂ ಉಬ್ಬಿದರೆ, ಕುಸಿದರೆ, ಕಾದರೆ ಅದು ನಮ್ಮ ಕ್ಯಾಲೆಂಡರಿನ ಲೆಕ್ಕಕ್ಕೇ ಸಿಗುತ್ತದೆ.

ಜೊತೆಗೆ ಎಳೆಯ ನಕ್ಷತ್ರಗಳು ಒಂದೇ ಸಮ ಉರಿಯುವುದಿಲ್ಲ. ತಟ್ಟೆಯ ಒಳ ಅಂಚಿನಿಂದ ಅನಿಲ ನಕ್ಷತ್ರದ ಮೇಲೆ ಬೀಳುತ್ತಲೇ ಇರುತ್ತದೆ. ಬಿದ್ದ ರಭಸಕ್ಕೆ ಶಾಖ ಹುಟ್ಟುತ್ತದೆ. ಕೆಲವೊಮ್ಮೆ ತುಂಬಾ ಅನಿಲ ಒಮ್ಮೆಲೇ ಬಿದ್ದು ನಕ್ಷತ್ರ ತಿಂಗಳುಗಟ್ಟಲೆ ಅಬ್ಬರಿಸುತ್ತದೆ. ಇಎಕ್ಸ್ ಲೂಪಿಗೆ ಆಗಿದ್ದು ಇದೇ. ಹೀಗೆ ಅಬ್ಬರಿಸುವ ಒಂದು ಇಡೀ ಜಾತಿಯ ಎಳೆಯ ನಕ್ಷತ್ರಗಳಿಗೆ ಇದರ ಹೆಸರನ್ನೇ ಇಟ್ಟಿದ್ದಾರೆ.

ಕಣವೇ ಕಾಣದಿದ್ದರೆ ಹರಳು ಅಂತ ಗೊತ್ತಾಗುವುದು ಹೇಗೆ?

ಇಎಕ್ಸ್ ಲೂಪಿ ಇರುವುದು ಸುಮಾರು 500 ಜ್ಯೋತಿರ್ವರ್ಷ ದೂರದಲ್ಲಿ. ನಾವು 2008ರಲ್ಲಿ ಕಂಡ ಆ ಬೆಳಕು ಅಲ್ಲಿಂದ ಹೊರಟಿದ್ದು ಹಂಪಿಯಲ್ಲಿ ಕೃಷ್ಣದೇವರಾಯ ಪಟ್ಟಕ್ಕೆ ಬರುವ ಆಸುಪಾಸಿನಲ್ಲಿ. ಅಷ್ಟು ದೂರದ ಕಣವನ್ನು ಯಾವ ಟೆಲಿಸ್ಕೋಪಿನಿಂದಲೂ ಬಿಡಿಯಾಗಿ ನೋಡಲು ಆಗುವುದಿಲ್ಲ. ನೋಡುವುದು ಅದರ ಶಾಖವನ್ನು.

ಬೆಚ್ಚಗಿರುವ ಪ್ರತಿಯೊಂದು ವಸ್ತುವೂ ಕಣ್ಣಿಗೆ ಕಾಣದ ಬೆಳಕನ್ನು ಹೊರಬಿಡುತ್ತದೆ. ಇದನ್ನು ಅವಕೆಂಪು, ಇನ್‌ಫ್ರಾರೆಡ್ ಎನ್ನುತ್ತೇವೆ. ನಮ್ಮ ಮೈಯೂ ಬಿಡುತ್ತದೆ. ಕಣ್ಣಿಗೆ ಕಾಣುವ ಬೆಳಕಿನ ಅಲೆಯುದ್ದ ಅರ್ಧ ಮೈಕ್ರಾನ್ ಆಸುಪಾಸು. ನಮ್ಮ ಮೈಯ ಶಾಖದ ಅಲೆಯುದ್ದ ಸುಮಾರು 10 ಮೈಕ್ರಾನ್. ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ. ತಟ್ಟೆಯ ಒಳಭಾಗದ ಧೂಳು ಹೊಳೆಯುವುದೂ ಇದೇ ವಲಯದಲ್ಲಿ.

ಈ ಬೆಳಕನ್ನು ಅಲೆಯುದ್ದದ ಪ್ರಕಾರ ಬಿಡಿಸಿ ಹರಡಿದರೆ ಸಿಗುವುದು ರೋಹಿತ. ಕಾಮನಬಿಲ್ಲಿನಲ್ಲಿ ಬಣ್ಣ ಬಿಡಿಬಿಡಿಯಾಗುತ್ತದಲ್ಲ, ಅದೂ ರೋಹಿತವೇ. ಸಿಲಿಕೇಟಿನೊಳಗೆ ಸಿಲಿಕಾನ್ ಮತ್ತು ಆಮ್ಲಜನಕದ ಪರಮಾಣುಗಳು ಒಂದನ್ನೊಂದು ಹಿಡಿದುಕೊಂಡು ಕಂಪಿಸುತ್ತಿರುತ್ತವೆ. ಆ ಕಂಪನದಿಂದ ರೋಹಿತದಲ್ಲಿ 10 ಮೈಕ್ರಾನ್ ಹತ್ತಿರ ಒಂದು ಉಬ್ಬು ಮೂಡುತ್ತದೆ. ಆ ಉಬ್ಬಿನ ಆಕಾರ ನೋಡಿಯೇ ಧೂಳಿನ ಜಾತಕ ಓದುವುದು.

ನಕ್ಷತ್ರಗಳ ನಡುವಿನ ಖಾಲಿ ಜಾಗದಲ್ಲಿ ತೇಲುವ ಧೂಳಿನಲ್ಲಿ ಪರಮಾಣುಗಳಿಗೆ ಯಾವ ಕ್ರಮವೂ ಇರುವುದಿಲ್ಲ, ಕಿಟಕಿಯ ಗಾಜಿನಲ್ಲಿ ಇರುವಂತೆಯೇ. ಆಗ ಉಬ್ಬು ಅಗಲವಾಗಿ, ನುಣ್ಣಗೆ ಇರುತ್ತದೆ. ಪರಮಾಣುಗಳು ಸಾಲಾಗಿ, ಒಂದೇ ವಿನ್ಯಾಸದಲ್ಲಿ ಕೂತರೆ ಅದು ಹರಳು. ಆಗ ಉಬ್ಬಿನ ಮೇಲೆ ಚೂಪಾದ ಕೊಂಬುಗಳು ಏಳುತ್ತವೆ. ಒಂದೊಂದು ಖನಿಜಕ್ಕೂ ಕೊಂಬಿನ ಜಾಗ ಬೇರೆ. ಮೆಗ್ನೀಶಿಯಂ ತುಂಬಿದ ಫಾರ್ಸ್ಟರೈಟ್ ಎಂಬ ಖನಿಜದ ಕೊಂಬು ಏಳುವುದು 11 ಮೈಕ್ರಾನ್ ದಾಟಿದ ಮೇಲೆ. ಫಾರ್ಸ್ಟರೈಟ್ ಆಲಿವೀನ್ ಗುಂಪಿನದು. ಭೂಮಿಯ ಹೊರಪದರದ ಕೆಳಗೆ ಹೆಚ್ಚಾಗಿ ಇರುವುದು ಆಲಿವೀನೇ. ಒಡವೆಗೆ ಹಾಕುವ ಹಸಿರು ಪೆರಿಡಾಟ್ ಕೂಡ ಆಲಿವೀನೇ.

ಉಬ್ಬಿನಿಂದ ಕಣದ ಗಾತ್ರವೂ ಗೊತ್ತಾಗುತ್ತದೆ. ಕಣಗಳು ಬೆಳೆದಂತೆ ಉಬ್ಬು ತಗ್ಗಿ ಚಪ್ಪಟೆಯಾಗುತ್ತದೆ. ಆದರೆ ಒಂದು ಮಿತಿ ಇದೆ. ಅವಕೆಂಪಿನಲ್ಲಿ ಕಾಣುವುದು ತಟ್ಟೆಯ ಮೇಲ್ಪದರ ಮಾತ್ರ. ಅದರ ಕೆಳಗಿನ ಮಿಲಿಮೀಟರ್ ಗಾತ್ರದ ಕಾಳುಗಳನ್ನು ನೋಡಲು ಆಲ್ಮಾದಂಥ ರೇಡಿಯೊ ಟೆಲಿಸ್ಕೋಪ್ ಬೇಕು.

ಇಎಕ್ಸ್ ಲೂಪಿಯಲ್ಲಿ ಆಗಿದ್ದೇನು?

2005ರ ರೋಹಿತದಲ್ಲಿ ನುಣುಪಾದ ಉಬ್ಬು. 2008ರ ಏಪ್ರಿಲ್‌ನಲ್ಲಿ ಅದೇ ಉಬ್ಬಿನ ಮೇಲೆ ಫಾರ್ಸ್ಟರೈಟಿನ ಕೊಂಬುಗಳು. ಬುಡಾಪೆಸ್ಟ್‌ನ ಕೊಂಕೊಲಿ ವೀಕ್ಷಣಾಲಯದ ಪೀಟರ್ ಆಬ್ರಹಾಂ ಮತ್ತು ಜೊತೆಗಾರರು 2009ರ ಮೇ ತಿಂಗಳಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಇದನ್ನು ಪ್ರಕಟಿಸಿದರು. ಎಳೆಯ ನಕ್ಷತ್ರವೊಂದರ ಸುತ್ತ ಹರಳು ಹುಟ್ಟುವುದನ್ನು ನಡೆಯುತ್ತಿರುವಾಗಲೇ ಹಿಡಿದದ್ದು ಅದೇ ಮೊದಲು. ಅದಕ್ಕೂ ಮೊದಲು ಎಷ್ಟೋ ತಟ್ಟೆಗಳಲ್ಲಿ ಹರಳು ಕಂಡಿತ್ತು, ಆದರೆ ಅದು ಯಾವಾಗ, ಹೇಗೆ ಹುಟ್ಟಿತು ಎಂದು ಹೇಳಲು ಆಗುತ್ತಿರಲಿಲ್ಲ.

ನಕ್ಷತ್ರ ಅಬ್ಬರಿಸಿದಾಗ ಹತ್ತಿರದ ಧೂಳು 700 ಡಿಗ್ರಿ ಸೆಲ್ಸಿಯಸ್ ದಾಟಿ ಕಾಯಿತು. ಕರಗಿಹೋಗುವಷ್ಟು ಅಲ್ಲ. ಆದರೆ ಪರಮಾಣುಗಳು ಜಾಗ ಬದಲಿಸಲು ಅಷ್ಟು ಸಾಕು. ಜಾತ್ರೆಗೆ ಹೊರಟ ಬಸ್ಸನ್ನು ನೆನಪಿಸಿಕೊಳ್ಳಿ. ಜನ ನುಗ್ಗಿ ಹತ್ತುತ್ತಾರೆ, ಒಬ್ಬರ ಮೊಣಕೈ ಇನ್ನೊಬ್ಬರ ಬೆನ್ನಿಗೆ, ಯಾರ ಕಾಲು ಎಲ್ಲಿದೆಯೋ ಗೊತ್ತಿಲ್ಲ. ಬಸ್ಸು ನಾಲ್ಕು ಸಲ ಕುಲುಕಿದ ಮೇಲೆ ಎಲ್ಲರೂ ಸ್ವಲ್ಪ ಸ್ವಲ್ಪ ಸರಿದು ಒಂದು ಹದಕ್ಕೆ ಬರುತ್ತಾರೆ. ಶಾಖ ಪರಮಾಣುಗಳಿಗೆ ಕೊಡುವುದು ಆ ಕುಲುಕನ್ನು. ಸಾಕಷ್ಟು ಕುಲುಕು ಸಿಕ್ಕರೆ ಅವು ತಮಗೆ ಅತ್ಯಂತ ನೆಮ್ಮದಿಯ ಜಾಗ ಹುಡುಕಿ ಸಾಲಾಗಿ ಕೂರುತ್ತವೆ. ತಣ್ಣಗಾದ ಮೇಲೂ ಹಾಗೇ ಇರುತ್ತವೆ.

ಇಲ್ಲಿಂದ ಮುಂದಿನ ಭಾಗ ನನಗೆ ಇನ್ನೂ ಇಷ್ಟ. ಅಬ್ಬರ ಕೆಲವು ತಿಂಗಳಲ್ಲಿ ಇಳಿಯಿತು. 2008ರ ಕೊನೆ ಮತ್ತು 2009ರಲ್ಲಿ ಮತ್ತೆ ನೋಡಿದರೆ 10 ಮೈಕ್ರಾನ್ ಹತ್ತಿರದ ಹರಳಿನ ಕೊಂಬುಗಳು ಮಂಕಾಗುತ್ತಿದ್ದವು. ಹುಟ್ಟಿದ ಹರಳು ಹೋದದ್ದೆಲ್ಲಿಗೆ? 2022ರಲ್ಲಿ ವೆಬ್ ಟೆಲಿಸ್ಕೋಪ್ ಇದೇ ನಕ್ಷತ್ರವನ್ನು ನೋಡಿದಾಗ ಫಾರ್ಸ್ಟರೈಟ್ ಮತ್ತೆ ಸಿಕ್ಕಿತು. ಆದರೆ ಈ ಸಲ ಕೊಂಬುಗಳು ಕಂಡದ್ದು ಉದ್ದನೆಯ ಅಲೆಯುದ್ದಗಳಲ್ಲಿ. ಉದ್ದ ಅಲೆ ಅಂದರೆ ತಣ್ಣನೆಯ ಧೂಳು, ತಣ್ಣನೆಯ ಧೂಳು ಅಂದರೆ ನಕ್ಷತ್ರದಿಂದ ದೂರ. ಬೆಂಕಿಯ ಪಕ್ಕ ಹುಟ್ಟಿದ ಹರಳು ಕೆಲವೇ ವರ್ಷಗಳಲ್ಲಿ ಹೊರಗೆ, ತಂಪು ವಲಯದ ಕಡೆ ಸಾಗಿತ್ತು ಎಂಬುದು ಕೊಂಕೊಲಿಯ ಆಗ್ನೆಸ್ ಕೋಶ್ಪಾಲ್ ಮತ್ತು ತಂಡ 2023ರಲ್ಲಿ ಕೊಟ್ಟ ವಿವರಣೆ.

ಧೂಮಕೇತುವಿನ ಹಳೆಯ ಒಗಟು

ಇದು ನಮ್ಮ ಸೌರಮಂಡಲಕ್ಕೂ ಸಂಬಂಧಪಟ್ಟ ಮಾತು. ಧೂಮಕೇತುಗಳು ಹುಟ್ಟಿದ್ದು ಸೂರ್ಯನಿಂದ ತುಂಬಾ ದೂರ, ಮಂಜುಗಡ್ಡೆ ಕರಗದಷ್ಟು ಚಳಿ ಇರುವಲ್ಲಿ. ಹಾಗಿದ್ದರೆ ಅವುಗಳಲ್ಲಿ ಬೆಂಕಿ ಕಂಡ ಹರಳು ಇರಬಾರದು. ಆದರೆ 1990ರ ದಶಕದಲ್ಲಿ ಹೇಲ್-ಬಾಪ್ ಧೂಮಕೇತುವಿನ ರೋಹಿತದಲ್ಲಿ ಫಾರ್ಸ್ಟರೈಟ್ ಕಂಡಿತು. ಆಮೇಲೆ ನಾಸಾದ ಸ್ಟಾರ್‌ಡಸ್ಟ್ ನೌಕೆ ವೈಲ್ಡ್ 2 ಎಂಬ ಧೂಮಕೇತುವಿನ ಧೂಳನ್ನು ಹಿಡಿದು 2006ರ ಜನವರಿಯಲ್ಲಿ ಭೂಮಿಗೆ ತಂದುಕೊಟ್ಟಿತು. ಪ್ರಯೋಗಾಲಯದಲ್ಲಿ ನೋಡಿದರೆ ಅದರಲ್ಲೂ ಆಲಿವೀನ್ ಹರಳು, ಜೊತೆಗೆ ಇನ್ನೂ ಹೆಚ್ಚಿನ ಶಾಖದಲ್ಲಿ ಮಾತ್ರ ರೂಪುಗೊಳ್ಳುವ ಕಣಗಳು.

ಮಂಜಿನುಂಡೆಯೊಳಗೆ ಕುಲುಮೆಯ ವಸ್ತು ಹೇಗೆ ಬಂತು? ಸೂರ್ಯನ ಹತ್ತಿರ ಹುಟ್ಟಿ ಹೊರಗೆ ಸಾಗಿರಬೇಕು ಎಂದು ವಿಜ್ಞಾನಿಗಳು ಲೆಕ್ಕ ಹಾಕಿದ್ದರು. ಹಾಗೆ ಸಾಗುತ್ತಿರುವುದಕ್ಕೆ ಇಎಕ್ಸ್ ಲೂಪಿ ಜೀವಂತ ಸಾಕ್ಷಿ.

ಬೆಳಕು ಬದಲಾದರೆ ಧೂಳೇ ಬದಲಾಯಿತು ಅಂತಲ್ಲ

ಸುದ್ದಿ ಓದುವಾಗ ಈ ಮಾತು ನೆನಪಿರಲಿ. ತಟ್ಟೆಯ ಬೆಳಕು ಏರಿಳಿಯಲು ಬರೀ ನೆರಳೂ ಕಾರಣವಾಗಬಹುದು.

ಐಸಿ 348 ಎಂಬ ನಕ್ಷತ್ರಗುಚ್ಛದಲ್ಲಿ ಎಲ್‌ಆರ್‌ಎಲ್‌ಎಲ್ 31 ಎಂಬ ನಕ್ಷತ್ರವಿದೆ. ಸ್ಪಿಟ್ಜರ್ ಅದನ್ನು ಮತ್ತೆ ಮತ್ತೆ ನೋಡಿದಾಗ ವಿಚಿತ್ರವೊಂದು ಕಂಡಿತು. ಗಿಡ್ಡ ಅಲೆಗಳ ಬೆಳಕು ಏರಿದಾಗ ಉದ್ದ ಅಲೆಗಳ ಬೆಳಕು ಇಳಿಯುತ್ತಿತ್ತು. ಇದು ಇಳಿದರೆ ಅದು ಏರುತ್ತಿತ್ತು. ಅದೂ ಒಂದು ವಾರದೊಳಗೆ! ದೂರದ ತಣ್ಣನೆಯ ಧೂಳಿಗೆ ಇಷ್ಟು ಬೇಗ ಜಾಗ ಬಿಟ್ಟು ಸರಿಯಲು ಸಾಧ್ಯವಿಲ್ಲ. ತಟ್ಟೆಯ ಒಳ ಅಂಚು ಒಮ್ಮೆ ಉಬ್ಬುತ್ತದೆ, ಒಮ್ಮೆ ತಗ್ಗುತ್ತದೆ ಎಂದುಕೊಂಡರೆ ಲೆಕ್ಕ ಸರಿಹೋಗುತ್ತದೆ. ಉಬ್ಬಿದಾಗ ನಕ್ಷತ್ರದ ಬೆಳಕು ಹೆಚ್ಚಾಗಿ ಅದಕ್ಕೇ ಬಡಿಯುತ್ತದೆ, ಹಿಂದಿನ ಭಾಗ ನೆರಳಿಗೆ ಬಿದ್ದು ತಣ್ಣಗಾಗುತ್ತದೆ.

ನೆರಳನ್ನೇ ನೇರವಾಗಿ ಕಂಡದ್ದೂ ಉಂಟು. ಸುಮಾರು 200 ಜ್ಯೋತಿರ್ವರ್ಷ ದೂರದ ಟಿಡಬ್ಲ್ಯು ಹೈಡ್ರೆಯ ತಟ್ಟೆಯನ್ನು ನಾವು ಮೇಲಿನಿಂದ ನೋಡಿದಂತೆ ನೋಡಬಹುದು. ಹಬಲ್ ಟೆಲಿಸ್ಕೋಪಿನ ವರ್ಷಾನುಗಟ್ಟಲೆಯ ಚಿತ್ರಗಳನ್ನು ಜೋಡಿಸಿದಾಗ, ತಟ್ಟೆಯ ಮೇಲೆ ಒಂದು ನೆರಳು ಸುಮಾರು 16 ವರ್ಷಕ್ಕೊಮ್ಮೆ ಸುತ್ತು ಹಾಕುತ್ತಿತ್ತು. 2021ರ ಚಿತ್ರದಲ್ಲಿ ನೆರಳು ಎರಡಾಗಿದ್ದವು. ಒಳಗಿನ ತಟ್ಟೆ ಓರೆಯಾಗಿದೆ, ಅದನ್ನು ಓರೆ ಮಾಡಿದ್ದು ಕಣ್ಣಿಗೆ ಬೀಳದ ಗ್ರಹಗಳ ಸೆಳೆತ ಇರಬಹುದು ಎಂಬುದು ಸದ್ಯದ ಊಹೆ.

ಇಎಕ್ಸ್ ಲೂಪಿಯ ವಿಷಯದಲ್ಲಿ ಈ ಗೊಂದಲ ಯಾಕಿಲ್ಲ? ಯಾಕೆಂದರೆ ಅಲ್ಲಿ ಬೆಳಕಿನ ಪ್ರಮಾಣದ ಜೊತೆ ಉಬ್ಬಿನ ಆಕಾರವೇ ಬದಲಾಗಿತ್ತು. ನೆರಳು ಉಬ್ಬನ್ನು ತಗ್ಗಿಸಬಹುದು, ಅದರ ಮೇಲೆ ಇಲ್ಲದ ಕೊಂಬು ಮೂಡಿಸಲಾರದು.

ಧೂಳೇ ಮಾಯವಾದ ಪ್ರಕರಣ

ಸೂರ್ಯನನ್ನೇ ಹೋಲುವ, ಸುಮಾರು 1 ಕೋಟಿ ವರ್ಷ ವಯಸ್ಸಿನ ನಕ್ಷತ್ರವೊಂದಿದೆ. ಹೆಸರು ಟಿವೈಸಿ 8241 2652 1. ಅದರ ಸುತ್ತ ಬೆಚ್ಚನೆಯ ಧೂಳು ಇರುವುದು 1983ರಲ್ಲೇ ಐರಾಸ್ ಉಪಗ್ರಹಕ್ಕೆ ಕಂಡಿತ್ತು. 2008ರಲ್ಲೂ ಹಾಗೇ ಹೊಳೆಯುತ್ತಿತ್ತು. 2009ರ ಶುರುವಿಗೆ ಬೆಳಕು ಬಹಳಷ್ಟು ಇಳಿದಿತ್ತು. 2010ರ ಹೊತ್ತಿಗೆ ಧೂಳಿನ ಗುರುತೇ ಹೆಚ್ಚುಕಮ್ಮಿ ಇರಲಿಲ್ಲ. ಕಾಲು ಶತಮಾನ ಇದ್ದ ಧೂಳು ಎರಡು ವರ್ಷದೊಳಗೆ ಕಾಣೆ. ನಕ್ಷತ್ರಕ್ಕೆ ಏನೂ ಆಗಿರಲಿಲ್ಲ. ಇದಕ್ಕೆ ಎಲ್ಲರೂ ಒಪ್ಪುವ ವಿವರಣೆ ಇನ್ನೂ ಬಂದಿಲ್ಲ.

ಬೀಟಾ ಪಿಕ್ಟೋರಿಸ್ ಎಂಬ ಇನ್ನೊಂದು ನಕ್ಷತ್ರದ ಕಥೆ ಸ್ವಲ್ಪ ಸ್ಪಷ್ಟ. 63 ಜ್ಯೋತಿರ್ವರ್ಷ ಅಂದರೆ ನಮಗೆ ನೆರೆಮನೆ ಇದ್ದ ಹಾಗೆ. 2004-05ರಲ್ಲಿ ಸ್ಪಿಟ್ಜರ್ ಕಂಡಿದ್ದ ನುಣ್ಣನೆಯ ಬಿಸಿ ಧೂಳು 2023ರಲ್ಲಿ ವೆಬ್‌ಗೆ ಕಾಣಲಿಲ್ಲ. ದೊಡ್ಡ ಕ್ಷುದ್ರಗ್ರಹಗಳು ಡಿಕ್ಕಿ ಹೊಡೆದು ಪುಡಿಯಾಗಿದ್ದವು, ಆ ಪುಡಿ ಸ್ಪಿಟ್ಜರ್‌ಗೆ ಕಂಡಿತ್ತು, ಆಮೇಲೆ ನಕ್ಷತ್ರದ ಬೆಳಕಿನ ಒತ್ತಡವೇ ಅದನ್ನು ಹೊರಗೆ ತಳ್ಳಿತು ಎಂದು ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಕ್ರಿಸ್ಟೀನ್ ಚೆನ್ ತಂಡ 2024ರಲ್ಲಿ ಹೇಳಿತು. ಬೆಳಕಿಗೂ ತಳ್ಳುವ ಬಲ ಇದೆ, ಕಣ ಸಾಕಷ್ಟು ಚಿಕ್ಕದಾಗಿರಬೇಕು ಅಷ್ಟೇ. ಒಂದು ಎಚ್ಚರಿಕೆ: ಈ ನಕ್ಷತ್ರದ ವಯಸ್ಸು ಸುಮಾರು 2 ಕೋಟಿ ವರ್ಷ. ಅಲ್ಲಿ ಹುಟ್ಟಿನ ಕಾಲದ ಅನಿಲದ ತಟ್ಟೆ ಉಳಿದಿಲ್ಲ. ಇರುವುದು ಈಗಾಗಲೇ ಕಟ್ಟಿದ್ದು ಒಡೆದು ಬಂದ ಧೂಳು. ‘ಧೂಳಿನ ತಟ್ಟೆ’ ಎಂದಾಗ ಇವೆರಡರಲ್ಲಿ ಯಾವುದು ಎಂದು ನೋಡಿಕೊಳ್ಳುವುದು ಒಳ್ಳೆಯದು.

ಧೂಳು ಬಂಡೆಯಾಗುವುದು ಅಷ್ಟು ಸುಲಭವಲ್ಲ

ಸೂಕ್ಷ್ಮ ಕಣಗಳು ಮೆಲ್ಲಗೆ ತಾಗಿದರೆ ಅಂಟಿಕೊಳ್ಳುತ್ತವೆ. ಮಿಲಿಮೀಟರ್ ಗಾತ್ರಕ್ಕೆ ಬಂದ ಮೇಲೆ ಅಂಟುವ ಬದಲು ಪುಟಿಯುತ್ತವೆ, ಜೋರಾಗಿ ಬಡಿದರೆ ಒಡೆಯುತ್ತವೆ. ಅದನ್ನೂ ದಾಟಿ ಮೀಟರ್ ಗಾತ್ರಕ್ಕೆ ಬಂದರೆ ಇನ್ನೊಂದು ಕಷ್ಟ. ಸುತ್ತಲಿನ ಅನಿಲ ಕಲ್ಲಿಗಿಂತ ಸ್ವಲ್ಪ ನಿಧಾನವಾಗಿ ಸುತ್ತುತ್ತದೆ. ಕಲ್ಲಿಗೆ ಸದಾ ಎದುರುಗಾಳಿ. ವೇಗ ಕಳೆದುಕೊಂಡು ನಕ್ಷತ್ರದ ಕಡೆ ಜಾರುತ್ತದೆ. ಭೂಮಿ ಇರುವ ದೂರದಿಂದ ಅಂಥ ಕಲ್ಲು ನಕ್ಷತ್ರಕ್ಕೆ ಬಿದ್ದುಹೋಗಲು ನೂರಾರು ವರ್ಷ ಸಾಕು.

ಹಾಗಿದ್ದೂ ಗ್ರಹಗಳಿವೆ! ಹಾಗಾಗಿ ಎಲ್ಲೋ ಧೂಳು ಜಾರದೆ ನಿಲ್ಲುತ್ತಿರಬೇಕು. ಅನಿಲದ ಒತ್ತಡ ಹೆಚ್ಚಿರುವ ಉಂಗುರಗಳಲ್ಲಿ ಕಾಳುಗಳು ಸಿಕ್ಕಿಬೀಳುತ್ತವೆ. 2013ರಲ್ಲಿ ಆಲ್ಮಾ ಐಆರ್‌ಎಸ್ 48 ಎಂಬ ನಕ್ಷತ್ರದ ತಟ್ಟೆಯ ಒಂದೇ ಬದಿಯಲ್ಲಿ ಇಂಥ ರಾಶಿಯನ್ನು ಕಂಡಿತು. ಹಾಗೆ ರಾಶಿ ಬಿದ್ದ ಕಾಳುಗಳು ತಮ್ಮದೇ ಸೆಳೆತದಿಂದ ಒಮ್ಮೆಲೇ ಕುಸಿದು ಕಿಲೋಮೀಟರ್‌ಗಟ್ಟಲೆ ದೊಡ್ಡ ಬಂಡೆಯಾಗಬಹುದು. ಮೀಟರಿನ ಹಂತವನ್ನು ಹತ್ತುವ ಬದಲು ಹಾರಿಯೇ ದಾಟುವುದು.

ಈಗ ಎಲ್ಲಿಗೆ ಬಂದಿದೆ?

2025ರ ಜುಲೈನಲ್ಲಿ ಓರಿಯನ್ ದಿಕ್ಕಿನ, ಸುಮಾರು 1300 ಜ್ಯೋತಿರ್ವರ್ಷ ದೂರದ ಹಾಪ್ಸ್-315 ಎಂಬ ತೀರಾ ಎಳೆಯ ನಕ್ಷತ್ರ ಸುದ್ದಿಯಾಯಿತು. ಲೈಡನ್ ವಿಶ್ವವಿದ್ಯಾಲಯದ ಮೆಲಿಸ್ಸಾ ಮೆಕ್‌ಕ್ಲೂರ್ ತಂಡಕ್ಕೆ ಅಲ್ಲಿ ಸಿಲಿಕಾನ್ ಮಾನಾಕ್ಸೈಡ್ ಅನಿಲವೂ ಸಿಕ್ಕಿತು, ಸಿಲಿಕೇಟ್ ಹರಳೂ ಸಿಕ್ಕಿತು. ಇಎಕ್ಸ್ ಲೂಪಿಗೂ ಇದಕ್ಕೂ ವ್ಯತ್ಯಾಸ ಇದೆ. ಅಲ್ಲಿ ಇದ್ದ ಧೂಳೇ ಕಾದು ಹರಳಾಯಿತು. ಇಲ್ಲಿ ಕಾದು ಆವಿಯಾಗಿದ್ದ ಬಂಡೆಯ ವಸ್ತು ತಣಿದು ಮೊದಲ ಗಟ್ಟಿ ಕಣಗಳಾಗುತ್ತಿದೆ. ನಮ್ಮ ಸೌರಮಂಡಲದಲ್ಲಿ ಅಂಥ ಮೊದಲ ಕಣಗಳು ಉಲ್ಕಾಶಿಲೆಗಳೊಳಗೆ ಬಿಳಿ ಚುಕ್ಕೆಗಳಾಗಿ ಇನ್ನೂ ಉಳಿದಿವೆ. ಅವುಗಳ ವಯಸ್ಸು ಸುಮಾರು 456.7 ಕೋಟಿ ವರ್ಷ. ಸೌರಮಂಡಲದ ವಯಸ್ಸು ಎಣಿಸುವುದು ಅಲ್ಲಿಂದಲೇ.

ಈ ಅಧ್ಯಯನಕ್ಕೆ ದೊಡ್ಡ ಕನ್ನಡಿ ಬೇಕು. ವೆಬ್‌ನದು 6.5 ಮೀಟರ್, ಸ್ಪಿಟ್ಜರ್‌ನದು 85 ಸೆಂಟಿಮೀಟರ್ ಇತ್ತು. ಆದರೆ ಕನ್ನಡಿಯಷ್ಟೇ ಮುಖ್ಯವಾಗಿ ಬೇಕಾಗಿರುವುದು ಒಂದೇ ನಕ್ಷತ್ರವನ್ನು ಬಿಡದೆ ನೋಡುವ ತಾಳ್ಮೆ. ಒಂದು ಸಲ ನೋಡಿದರೆ ಧೂಳು ಹೇಗಿದೆ ಅಂತಷ್ಟೇ ಗೊತ್ತಾಗುತ್ತದೆ, ಬದಲಾಯಿತು ಅನ್ನಲು ಹಿಂದಿನ ದಾಖಲೆ ಬೇಕೇ ಬೇಕು. ಸ್ಪಿಟ್ಜರ್ 2020ರ ಜನವರಿಯಲ್ಲಿ ನಿಂತುಹೋಯಿತು. ಆದರೂ ಅದರ ಹಳೆಯ ರೋಹಿತಗಳಿಗೆ ಈಗ ಬೆಲೆ ಜಾಸ್ತಿಯಾಗಿದೆ. ಚಿಕ್ಕ ಟೆಲಿಸ್ಕೋಪುಗಳಿಗೂ ಕೆಲಸವಿದೆ. 2004ರ ಜನವರಿಯಲ್ಲಿ ಅಮೆರಿಕದ ಹವ್ಯಾಸಿ ಜೇ ಮೆಕ್‌ನೀಲ್ ಬರೀ ಮೂರು ಇಂಚಿನ ಟೆಲಿಸ್ಕೋಪಿನಲ್ಲಿ ಓರಿಯನ್‌ನ ಹೊಸ ಮೋಡವೊಂದನ್ನು ಕಂಡರು. ಅದನ್ನು ಬೆಳಗಿದ್ದು ವಿ1647 ಓರಿಯಾನಿಸ್ ಎಂಬ ಎಳೆಯ ನಕ್ಷತ್ರದ ಅಬ್ಬರ. ಅದು 2008ರಲ್ಲಿ ಮತ್ತೆ ಅಬ್ಬರಿಸಿತು. ಆಗಿಂದ 2013ರವರೆಗೆ ಅದರ ಮೇಲೆ ಕಣ್ಣಿಟ್ಟ ಟೆಲಿಸ್ಕೋಪುಗಳಲ್ಲಿ ಲಡಾಖ್‌ನ ಹಾನ್ಲೆಯಲ್ಲಿರುವ ಹಿಮಾಲಯನ್ ಚಂದ್ರ ಟೆಲಿಸ್ಕೋಪ್ ಒಂದು. 4500 ಮೀಟರ್ ಎತ್ತರದ ಆ 2 ಮೀಟರ್ ಟೆಲಿಸ್ಕೋಪನ್ನು ಉಪಗ್ರಹದ ಮೂಲಕ ನಡೆಸುವುದು ನಮ್ಮ ಹೊಸಕೋಟೆಯಿಂದ, ಭಾರತೀಯ ಖಭೌತ ಸಂಸ್ಥೆಯ ಕೇಂದ್ರದಲ್ಲಿ ಕೂತು.